ಸೇರ್ಪಡೆಯ ಮೇಜಿನ ಅರ್ಧ ಗಂಟೆ: ಸಲಿನಾಸ್ ಕಣಿವೆಯ ಲ್ಯಾಟಿನೊ ಮಕ್ಕಳ ಜೊತೆ ನನ್ನ ಅನುಭವ

ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯ ಲೆಟ್ಯೂಸ್ ಸೊಪ್ಪಿನ, ಸ್ಟ್ರಾಬೆರಿಯ ಹೊಲಗಳಲ್ಲಿ ದುಡಿಯುವವರು ಹೆಚ್ಚಾಗಿ ಮೆಕ್ಸಿಕೊದಿಂದ ಬಂದವರು. ಅವರ ಮಕ್ಕಳು ಸರ್ಕಾರಿ ಶಾಲೆಗೆ ಸೇರುವಾಗ ಕಾಗದಪತ್ರ ನೋಡುವುದು, ಮನೆಯವರೊಡನೆ ಮಾತಾಡುವುದು ನನ್ನ ಕೆಲಸ. ಎರಡು ವರ್ಷದ ಮೇಲೆ ‘ಮಗು ಹಿಂದೆ ಬಿದ್ದಿದೆ’ ಎಂದು ಕಾಣಿಸುವ ತೊಂದರೆಗಳಲ್ಲಿ ಬಹಳಷ್ಟು ಹುಟ್ಟುವುದು ಸೇರ್ಪಡೆಯ ದಿನವೇ, ಫಾರಂ ತುಂಬುವ ಮೇಜಿನ ಮೇಲೆ.

ಮೊದಲು, ಕೇಳಬಾರದ್ದು. ವೀಸಾ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಮಾತು ಎತ್ತುವುದೇ ಇಲ್ಲ. ವಲಸೆಯ ದಾಖಲೆಪತ್ರ ಇಲ್ಲದ ಮಗುವಿಗೂ ಸರ್ಕಾರಿ ಶಾಲೆಯ ಬಾಗಿಲು ತೆರೆದಿರಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ ಪ್ಲೈಲರ್ ಪ್ರಕರಣದಲ್ಲಿ ಹೇಳಿದೆ. ಬೇಕಾದ್ದು ವಯಸ್ಸಿನ ದಾಖಲೆ, ವಿಳಾಸ, ಲಸಿಕೆ ಕಾರ್ಡು, ಇಷ್ಟೇ. ವಿಳಾಸದಲ್ಲಿ ಸಿಕ್ಕಿಕೊಳ್ಳುವವರು ಹಲವರು: ಒಂದೇ ಮನೆಯಲ್ಲಿ ಮೂರು ಸಂಸಾರ, ಬಾಡಿಗೆ ಕರಾರು ಒಬ್ಬರ ಹೆಸರಲ್ಲಿ. ಬಾಡಿಗೆ ಕಟ್ಟಲಾಗದೆ ಹೀಗೆ ಒಟ್ಟಿಗಿರುವ ಮಕ್ಕಳನ್ನು ಮೆಕಿನಿ-ವೆಂಟೊ ಕಾನೂನಿನ ಪ್ರಕಾರ ಕಾಗದ ಇಲ್ಲದಿದ್ದರೂ ತಕ್ಷಣ ಸೇರಿಸಿಕೊಳ್ಳಬೇಕು. ಆ ಕಾನೂನಿನ ಭಾಷೆಯಲ್ಲಿ ಇವರು ‘ಹೋಮ್‌ಲೆಸ್’, ಅಂದರೆ ಮನೆಯಿಲ್ಲದವರು. ಆ ಪದವನ್ನು ತಾಯಿಯ ಮುಂದೆ ಆಡಬೇಡಿ, ಬಹಳ ನೊಂದುಕೊಳ್ಳುತ್ತಾರೆ. ‘ಮನೆಯಲ್ಲಿ ಯಾರ‍್ಯಾರಿದ್ದೀರಿ?’ ಎಂದು ಕೇಳಿದರೆ ಸಾಕು, ವಿಷಯ ತಿಳಿಯುತ್ತದೆ.

ಇನ್ನು ಹೆಸರು. ಉದಾಹರಣೆಗೆ, ಮರಿಯಾ ಗ್ವಾದಲೂಪೆ ಹೆರ್ನಾಂದೆಸ್ ಲೋಪೆಸ್. ಮೊದಲೆರಡು ಹುಡುಗಿಯ ಹೆಸರು, ಹೆರ್ನಾಂದೆಸ್ ಅಪ್ಪನ ಕಡೆಯದು, ಲೋಪೆಸ್ ಅಮ್ಮನ ಕಡೆಯದು. ಕಂಪ್ಯೂಟರಿನಲ್ಲಿರುವುದು ಮೂರೇ ಖಾನೆ. ಅವಸರದಲ್ಲಿ ಕೊನೆಯ ಪದವಾದ ಲೋಪೆಸ್ ಮನೆತನದ ಹೆಸರಾಗುತ್ತದೆ, ಹೆರ್ನಾಂದೆಸ್ ಬಿಟ್ಟೇಹೋಗುತ್ತದೆ. ಮುಂದಿನ ಶಾಲೆಯವರು ಹೆರ್ನಾಂದೆಸ್ ಎಂದು ಹುಡುಕಿ, ಸಿಗದೆ, ಹೊಸ ಕಡತ ತೆರೆಯುತ್ತಾರೆ. ಒಬ್ಬಳೇ ಹುಡುಗಿ ಇಬ್ಬರಾಗುತ್ತಾಳೆ: ಒಂದು ಕಡತದಲ್ಲಿ ಲಸಿಕೆ, ಇನ್ನೊಂದರಲ್ಲಿ ಅಂಕ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯುವಾಗ ಒದ್ದಾಡಿದ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಜನನ ಪತ್ರದಲ್ಲಿರುವ ಎರಡೂ ಮನೆತನದ ಹೆಸರುಗಳನ್ನು ಕೊನೆಯ ಖಾನೆಯಲ್ಲೇ, ನಡುವೆ ಜಾಗ ಬಿಟ್ಟು ಬರೆಯಿರಿ. ಹೊಸ ಕಡತ ತೆರೆಯುವ ಮುಂಚೆ ಹುಟ್ಟಿದ ತಾರೀಖು ಹಾಕಿ ಎರಡೂ ಹೆಸರಲ್ಲಿ ಹುಡುಕಿ.

ತಾರೀಖೂ ಅಷ್ಟೇ. ಮೆಕ್ಸಿಕೊದಲ್ಲಿ ನಮ್ಮಂತೆ ದಿನ ಮೊದಲು, ಅಮೆರಿಕದಲ್ಲಿ ತಿಂಗಳು ಮೊದಲು. 09/04 ಎಂದರೆ ಅಲ್ಲಿ ಏಪ್ರಿಲ್ 9, ಇಲ್ಲಿ ಸೆಪ್ಟೆಂಬರ್ 4. ಹುಟ್ಟಿದ ತಾರೀಖು ಹೀಗೆ ತಿರುಗಿದಾಗ ದಡಾರದ ಲಸಿಕೆ ವರ್ಷ ತುಂಬುವ ಮೊದಲೇ ಹಾಕಿದಂತೆ ಕಂಡು ಲೆಕ್ಕಕ್ಕೆ ಸೇರುವುದಿಲ್ಲ. ಮಗು ಇನ್ನೊಮ್ಮೆ ಚುಚ್ಚಿಸಿಕೊಳ್ಳಬೇಕು. ಕಾರ್ಡಿನ ಜೆರಾಕ್ಸ್ ಮೇಲೆ ತಿಂಗಳನ್ನು ಅಕ್ಷರದಲ್ಲಿ ಬರೆದುಬಿಡುತ್ತೇನೆ.

ಅತಿ ಹೆಚ್ಚು ಸಮಯ ಕೊಡುವುದು ಮನೆಮಾತಿಗೆ. ಫಾರಂನಲ್ಲಿ ನಾಲ್ಕು ಪ್ರಶ್ನೆಗಳಿವೆ. ಉತ್ತರ ಇಂಗ್ಲಿಷ್ ಅಲ್ಲದಿದ್ದರೆ 30 ದಿನದೊಳಗೆ ಇಂಗ್ಲಿಷ್ ಮಟ್ಟದ ಪರೀಕ್ಷೆ. ದಕ್ಷಿಣ ಮೆಕ್ಸಿಕೊದ ಒವಾಹಾಕ ರಾಜ್ಯದಿಂದ ಬಂದವರಲ್ಲಿ ಎಷ್ಟೋ ಮಂದಿಯ ಮನೆಮಾತು ಅಲ್ಲಿನ ಮೂಲನಿವಾಸಿ ಭಾಷೆಗಳಾದ ಮಿಶ್ತೆಕೊ, ತ್ರಿಕಿ ಅಥವಾ ಸಪೊತೆಕೊ. ಆದರೂ ‘ಸ್ಪ್ಯಾನಿಷ್’ ಎಂದೇ ಬರೆಸುತ್ತಾರೆ. ಮನೆಯಲ್ಲಿ ತುಳು, ಕೊಂಕಣಿ ಆಡುವವರೂ ಅರ್ಜಿಯಲ್ಲಿ ಕನ್ನಡ ಎಂದು ಬರೆಸುವುದುಂಟಲ್ಲ, ಹಾಗೆ. ಆದರೆ ಇಲ್ಲಿ ಅದರ ಹಿಂದೆ ಅವಮಾನದ ನೆನಪಿದೆ. ತಮ್ಮ ಭಾಷೆಯನ್ನು ತಾವೇ ‘ದಿಯಲೆಕ್ತೊ’, ಅಂದರೆ ಬರೀ ಆಡುಮಾತು, ಎಂದು ಕರೆದುಕೊಳ್ಳುತ್ತಾರೆ. ಹಾಗೆ ಬರೆಸಿದ ಮೇಲೆ ಮನೆಗೆ ಹೋಗುವ ಪತ್ರ ಸ್ಪ್ಯಾನಿಷಿನಲ್ಲಿ, ದುಭಾಷಿ ಸ್ಪ್ಯಾನಿಷಿನವರು. ತಾಯಿ ಎಲ್ಲಕ್ಕೂ ‘ಸಿ, ಸಿ’ (ಹೌದು, ಹೌದು) ಎನ್ನುತ್ತಾರೆ. ಅದು ಒಪ್ಪಿಗೆಯಲ್ಲ, ಮರ್ಯಾದೆ. ‘ಅಜ್ಜಿ ಜೊತೆ ಯಾವ ಮಾತಾಡುತ್ತಾನೆ?’ ಎಂದು ಕೇಳಿ, ನಿಜ ಹೊರಗೆ ಬರುತ್ತದೆ. ಊರಿನ ಹೆಸರನ್ನೂ ಬರೆದುಕೊಳ್ಳಿ. ಮಿಶ್ತೆಕೊ ಊರಿಂದೂರಿಗೆ ಬದಲಾಗುತ್ತದೆ, ಬೇರೆ ಸೀಮೆಯ ದುಭಾಷಿ ಬಂದರೆ ಪ್ರಯೋಜನವಿಲ್ಲ.

ಮೆಕ್ಸಿಕೊದ ಅಂಕಪಟ್ಟಿಯಲ್ಲಿ ‘ಸೆಕುಂದಾರಿಯಾ’ ಎಂದು ಕಂಡರೆ ನಿಧಾನವಾಗಿ ಓದಿ. ಅದು 7ರಿಂದ 9ನೇ ತರಗತಿ. ಮೂರನೇ ವರ್ಷ ಮುಗಿಸಿದವರು ಇಲ್ಲಿನ ಹೈಸ್ಕೂಲಿನ ಮೊದಲ ವರ್ಷ ಮುಗಿಸಿದಂತೆ, ಆ ವರ್ಷದ ಕ್ರೆಡಿಟ್, ಅಂದರೆ ಹೈಸ್ಕೂಲ್ ಮುಗಿಸಲು ಲೆಕ್ಕಕ್ಕೆ ಬರುವ ಅಂಶ, ಕೇಳಿ ಪಡೆಯಬೇಕು. ಹೈಸ್ಕೂಲಿಗೆ ಮುಂಚಿನ ಮಿಡ್ಲ್ ಸ್ಕೂಲ್ ಎಂದುಕೊಂಡು ಮತ್ತೆ 9ಕ್ಕೇ ಕೂರಿಸಿದರೆ ಒಂದು ವರ್ಷ ಹೋಯಿತು. ದುಡಿಯುವ ವಯಸ್ಸಿಗೆ ಬಂದ ಹುಡುಗನಿಗೆ ಆ ಒಂದು ವರ್ಷವೇ ಶಾಲೆ ಬಿಡಲು ಕಾರಣವಾಗುತ್ತದೆ. ಅಂಕ 10ಕ್ಕೆ, ಪಾಸಾಗಲು 6. ಹತ್ತರಿಂದ ಗುಣಿಸಿ 60 ಎಂದು ಬರೆದರೆ ಪಾಸಾದವನು ಇಲ್ಲಿ ಫೇಲಿನ ಅಂಚಿಗೆ ಬರುತ್ತಾನೆ.

ಗಣಿತದ ಮೇಷ್ಟ್ರಿಗೂ ಒಂದು ಮಾತು ಹೇಳಿಡುತ್ತೇನೆ. 156ನ್ನು 4ರಿಂದ ಭಾಗಿಸುವಾಗ ಇಲ್ಲಿನ ಮಗು 15ರ ಕೆಳಗೆ 12 ಬರೆದು ಕಳೆದು, 36ರ ಕೆಳಗೆ ಮತ್ತೆ 36 ಬರೆದು ಕಳೆಯುತ್ತದೆ. ಮೆಕ್ಸಿಕೊದಲ್ಲಿ ಕಲಿತ ಮಗು ಕಳೆಯುವುದನ್ನು ಮನಸ್ಸಿನಲ್ಲೇ ಮಾಡಿ 36, ಅದರ ಕೆಳಗೆ 0, ಇಷ್ಟೇ ಬರೆಯುತ್ತದೆ. ಹಂತ ತೋರಿಸಿಲ್ಲ ಎಂದು ಅಂಕ ಕಳೆದರೆ, ಕಾಪಿ ಹೊಡೆದಿದೆ ಎಂದು ಅನುಮಾನಪಟ್ಟರೆ, ಮಗು ಮುದುಡಿಕೊಳ್ಳುತ್ತದೆ.

ಮನೆಗೆ ಫೋನ್ ಮಾಡುವಾಗ ‘ಉಸ್ತೆದ್’ ಬಳಸಿ, ಅದು ನಮ್ಮ ‘ನೀವು’. ‘ಎದುಕಾದೊ’ ಎಂದರೆ ಬರೀ ಓದಿದವನಲ್ಲ, ಸಂಸ್ಕಾರ ಇರುವವನು ಎಂಬ ಅರ್ಥವೂ ಇದೆ. ತಾಯಿ ಮೊದಲು ಕೇಳುವುದು ನಡತೆಯನ್ನು. ‘ಒಳ್ಳೆಯ ಹುಡುಗ’ ಎಂದು ಅಲ್ಲಿಗೇ ನಿಲ್ಲಿಸಿದರೆ ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತಾರೆ. ನಡತೆ ಹೇಳಿದ ಮೇಲೆ, ‘ಬೀಜಗಣಿತದಲ್ಲಿ ಫೇಲಾಗಿದ್ದಾನೆ, ಇದು ಪಾಸಾಗದೆ ಹೈಸ್ಕೂಲ್ ಮುಗಿಯುವುದಿಲ್ಲ’ ಎಂದು ಬಿಡಿಸಿ ಹೇಳಬೇಕು. ಇದಕ್ಕೆ ಮಗುವನ್ನೇ ದುಭಾಷಿ ಮಾಡಬೇಡಿ.

ನವೆಂಬರಿನಲ್ಲಿ ಲೆಟ್ಯೂಸ್ ಕೆಲಸ ಅರಿಜೋನಾದ ಯೂಮಾಕ್ಕೆ ಹೋಗುತ್ತದೆ, ಜೊತೆಗೆ ಕೆಲವು ಸಂಸಾರಗಳೂ. ವಸಂತದಲ್ಲಿ ವಾಪಸು. ಅರ್ಧ ಸೆಮಿಸ್ಟರಿನ ಓದನ್ನೂ ಭಾಗಶಃ ಕ್ರೆಡಿಟ್ ಆಗಿ ಕೊಡಬೇಕೆಂದು ಇಲ್ಲಿನ ಕಾನೂನಿದೆ, ಆದರೆ ಹೊರಡುವ ದಿನದ ಅಂಕವನ್ನು ಯಾರಾದರೂ ಬರೆಸಿಟ್ಟಿರಬೇಕು. ಅಕ್ಟೋಬರ್ ಕೊನೆಗೇ ‘ಯಾವಾಗ ಹೊರಡುತ್ತೀರಿ?’ ಎಂದು ಕೇಳಿಕೊಂಡು ಒಂದು ಲಕೋಟೆ ಸಿದ್ಧ ಮಾಡುತ್ತೇನೆ: ಆ ದಿನದವರೆಗಿನ ಅಂಕ, ಪ್ರತಿ ವಿಷಯದಲ್ಲಿ ಕೂತ ದಿನಗಳು, ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ, ಲಸಿಕೆ ಕಾರ್ಡಿನ ಪ್ರತಿ. ಲಕೋಟೆ ದಾರಿಯಲ್ಲಿ ಕಳೆಯಬಹುದು. ಆದ್ದರಿಂದ ಮೇಜಿನ ಮೇಲೆ ಒಂದೊಂದೇ ಹಾಳೆ ಹರಡಿ, ತಾಯಿಯ ಫೋನಿನಲ್ಲೇ ಫೋಟೊ ತೆಗೆಸಿ ಕಳಿಸುತ್ತೇನೆ.