ಎರಡು ವಾರ ಮೀರಿದ ಬೇಸರವನ್ನು ಕೆಲಸದ ದಣಿವೆಂದು ತಳ್ಳಿಹಾಕಬೇಡಿ

ಸಾಗರ, ತೀರ್ಥಹಳ್ಳಿ ಕಡೆಯಿಂದ ದಿನವೂ ಶಿವಮೊಗ್ಗಕ್ಕೆ ಕೆಲಸಕ್ಕೆ ಬಂದುಹೋಗುವವರು ಮತ್ತು ರಾತ್ರಿ ಪಾಳಿಯವರು ದಯವಿಟ್ಟು ಇದನ್ನು ಗಮನಿಸಬೇಕು: ಎರಡು ವಾರ ಮೀರಿದ ಬೇಸರ ಬರೀ ದಣಿವಾಗಿರದೆ ಖಿನ್ನತೆ ಎಂಬ ಕಾಯಿಲೆಯೂ ಆಗಿರಬಹುದು.

ಒತ್ತಡ ಉಂಟಾದಾಗ ಮೆದುಳಿನ ಹೈಪೋಥಲಾಮಸ್ ಎಂಬ ಭಾಗವು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೂ, ಅದು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಗೂ ಸೂಚನೆ ಕಳುಹಿಸುವುದರಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಸಾಮಾನ್ಯವಾಗಿ ಇದು ಬೆಳಿಗ್ಗೆ ಏರಿ ರಾತ್ರಿಯ ಹೊತ್ತಿಗೆ ಇಳಿಯುತ್ತದೆ; ಸಾಕಷ್ಟಾದಾಗ ಅದನ್ನು ತಡೆಯುವ ವ್ಯವಸ್ಥೆಯೂ ಮೆದುಳಿನಲ್ಲಿದೆ. ಒತ್ತಡ ತಿಂಗಳುಗಟ್ಟಲೆ ಮುಂದುವರಿದರೆ ಈ ಕಡಿವಾಣ ಸಡಿಲವಾಗಬಹುದು. ಖಿನ್ನತೆಗೆ ಒಳಗಾದ ಹಲವರಲ್ಲಿ ಕಾರ್ಟಿಸಾಲ್ ಹೆಚ್ಚಿರುವುದು ಕಂಡುಬಂದಿದೆ, ಆದರೆ ಎಲ್ಲರಲ್ಲೂ ಅಲ್ಲ. ಆದ್ದರಿಂದ ರಕ್ತಪರೀಕ್ಷೆಯೊಂದರಿಂದಲೇ ಖಿನ್ನತೆಯನ್ನು ನಿರ್ಧರಿಸಲಾಗದು; ಅದಕ್ಕಾಗಿ ಹಣ ಸುರಿಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ನಸುಕಿನ ಮೂರು ಗಂಟೆಗೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ಊಟ ಸೇರದಿರುವುದು, ಅಡಿಕೆ ಕೊಯ್ಲಿನ ದಿನಗಳಲ್ಲೂ ತೋಟಕ್ಕೆ ಇಳಿಯುವ ಮನಸ್ಸಾಗದಿರುವುದು ಎರಡು ವಾರ ಮೀರಿದರೆ ವೈದ್ಯರನ್ನು ಕಾಣಿ. ಆಸ್ತಮಾಕ್ಕೋ ಸಂಧಿವಾತಕ್ಕೋ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ತಪ್ಪದೆ ತಿಳಿಸಿ, ಏಕೆಂದರೆ ಅದೂ ಮನಸ್ಥಿತಿಯನ್ನು ಬದಲಿಸಬಲ್ಲದು. ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸುವುದು ಅಪಾಯಕರ.

ಮಳೆ ಹೊಳವಾದಾಗ ಅರ್ಧ ಗಂಟೆ ನಡೆಯಿರಿ, ಸಂಜೆಯ ಮೇಲೆ ಕಾಫಿ ಬಿಡಿ. ಇವು ಚಿಕಿತ್ಸೆಗೆ ನೆರವಾಗುತ್ತವೆ, ಚಿಕಿತ್ಸೆಯ ಬದಲಿಗೆ ಸಾಲವು. ಆಸ್ಪತ್ರೆಗೆ ಹೋಗಲು ಹಿಂಜರಿಯುವವರು ಮೊದಲು 14416ಕ್ಕೆ ಕರೆ ಮಾಡಬಹುದು. ಸರ್ಕಾರದ ಈ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಹಗಲೂ ರಾತ್ರಿಯೂ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. ಬದುಕುವುದೇ ಬೇಡವೆಂದು ಮನೆಯವರು ಯಾರಾದರೂ ಹೇಳಿದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.