ಸಣ್ಣ ಗಾಳಿಗೆ ಬಿಗಿ ಹಾಯಿ

ಗಾಳಿ ಕಮ್ಮಿ ಇದ್ದಾಗ ಹಾಯಿಯ ಹೊಟ್ಟೆ ಉಬ್ಬಿಸಬೇಕು, ಔಟ್‌ಹಾಲ್ (ಹಾಯಿಯ ಕೆಳಗಂಚನ್ನು ಹಿಂದಕ್ಕೆ ಬಿಗಿಯುವ ಹಗ್ಗ) ಸಡಿಲ ಬಿಡಬೇಕು ಅಂತ ನನಗೆ ಹೇಳದವರೇ ಇಲ್ಲ. ನಾನು ಉಲ್ಟಾ ಮಾಡಿದೆ. ಈ ಜನವರಿಯಲ್ಲಿ ಹತ್ತು ಹನ್ನೆರಡು ದೋಣಿಯವರು ಕೆಆರ್‌ಎಸ್ ಹಿನ್ನೀರಿನಲ್ಲಿ ಸೇರಿದ್ದೆವು. ಗಾಳಿ ಸಣ್ಣದಿದ್ದ ಒಂದು ರೇಸಿನಲ್ಲೂ ನನ್ನ ಹಳೇ ಲೇಸರ್ (ಒಬ್ಬರೇ ಓಡಿಸುವ ಸಣ್ಣ ಹಾಯಿದೋಣಿ) ಮೊದಲ ಮೂರರಿಂದ ಕೆಳಗೆ ಇಳಿಯಲಿಲ್ಲ. ಹೊಸ ದೋಣಿ, ಹೊಸ ಹಾಯಿ ಇದ್ದವರು ಹಿಂದೆ ಉಳಿದರು. ದಡಕ್ಕೆ ಬಂದ ಮೇಲೆ ಎಲ್ಲರೂ ನನ್ನ ಬೂಮ್ (ಹಾಯಿಯ ಕೆಳಗಿನ ಅಡ್ಡಕೋಲು) ನೋಡೋಕೆ ಬಂದರು.

ನಮ್ಮ ತೋಟ ಸುಂಟಿಕೊಪ್ಪದ ಕಡೆ. ಮೂರು ಎಕರೆ ಆಗಬಹುದಾದ ಕೆರೆ ಇದೆ, ಸುತ್ತ ಸಿಲ್ವರ್ ಮರ. ಮಳೆಗಾಲ ಮುಗಿಯುವಾಗ ಕೆರೆ ತುಂಬಿರುತ್ತದೆ. ಫೆಬ್ರವರಿಯಲ್ಲಿ ರೊಬಸ್ಟಾ ಹೂವಿಗೆ ನೀರು ಹೊಡೆಯೋಕೆ ಪಂಪ್ ಇಟ್ಟರೆ ದೋಣಿ ಆಟ ಅಲ್ಲಿಗೆ ಮುಗಿಯಿತು. ಹಾಗಾಗಿ ನನಗಿರೋದು ನವೆಂಬರ್‌ನಿಂದ ಜನವರಿ, ಅದೂ ಅರೇಬಿಕಾ ಕೊಯ್ಲಿನ ನಡುವೆ ಕದ್ದ ಸಮಯ. "ಆ ಗುಂಡಿಯಲ್ಲಿ ಏನು ರೇಸ್ ಕಲೀತೀಯಾ ಮಾರಾಯಾ" ಅಂತ ಮೈಸೂರಿನ ಗೆಳೆಯರು ಕೇಳುತ್ತಿದ್ದರು. ನನ್ನ ಪ್ರಕಾರ ಕಲಿಯೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಮರಗಳ ಸಂದಿಯಿಂದ ಬರುವ ಗಾಳಿ ತುಂಡು ತುಂಡಾಗಿ, ಒಂದೊಂದು ತುಂಡು ಒಂದೊಂದು ದಿಕ್ಕಿನಿಂದ ಬರುತ್ತದೆ. ಒಂದೆರಡು ನಿಮಿಷದಲ್ಲಿ ಆಚೆ ದಡ ಸಿಕ್ಕಿಬಿಡುತ್ತದೆ, ಟ್ಯಾಕ್ (ಗಾಳಿಗೆ ಎದುರಾಗಿ ದೋಣಿ ತಿರುಗಿಸಿ, ಹಾಯಿ ಇನ್ನೊಂದು ಬದಿಗೆ ತರೋದು) ಮಾಡಲೇಬೇಕು. ಹಿನ್ನೀರಿನಲ್ಲಿ ಒಂದು ವಾರ ಆಡಿದರೂ ಅಷ್ಟು ಟ್ಯಾಕ್ ಆಗೋದಿಲ್ಲ.

ಬೆಳಗ್ಗೆ ಬೇಗ ಇಳಿದು ಪ್ರಯೋಜನವಿಲ್ಲ. ಮಂಜು ಇರುವಾಗ ನೀರು ಅಲ್ಲಾಡೋದೇ ಇಲ್ಲ. ನಾನು ನೋಡೋದು ಲೈನ್ ಮನೆಗಳ (ತೋಟದ ಕೆಲಸದವರ ಸಾಲು ಮನೆ) ಒಲೆ ಹೊಗೆ. ಹೊಗೆ ತಗ್ಗಿನಲ್ಲೇ ಹಾಸಿಕೊಂಡು ಮಲಗಿದ್ದರೆ ಮೇಲಿನ ಗಾಳಿ ಇನ್ನೂ ಕೆಳಗೆ ಇಳಿದಿಲ್ಲ ಅಂತ ಅರ್ಥ. ಬಿಸಿಲು ನೆಲ ಕಾಯಿಸಿ, ಹೊಗೆ ಮೇಲೆದ್ದು ಒಡೆಯೋಕೆ ಶುರುವಾದ ಅರ್ಧ ಗಂಟೆಗೆ ಮೊದಲ ಗಾಳಿ ಬರುತ್ತದೆ. ಸಾಮಾನ್ಯವಾಗಿ ಹತ್ತೂವರೆ, ಹನ್ನೊಂದು. ಅದರಲ್ಲಿ ಪೂರ್ವದ ಗಾಳಿಯೇ ಜಾಸ್ತಿ.

ಈಗ ಹಾಯಿಯ ವಿಷಯ. ಒಂದು ಬೆಳಗ್ಗೆ ದೋಣಿಯನ್ನು ಟ್ರಾಲಿ ಮೇಲೇ ಬಿಟ್ಟು, ದಡದಲ್ಲಿ ಹಾಯಿ ಏರಿಸಿ, ಒಂದು ಊದುಬತ್ತಿ ಹಚ್ಚಿಕೊಂಡು ನಿಂತೆ. ಲಫ್ (ಹಾಯಿಕಂಬ ಅಂದರೆ ಮಾಸ್ಟ್ ಬದಿಯ ಅಂಚು) ಹತ್ತಿರ, ಗಾಳಿಮರೆಯ ಬದಿಯಲ್ಲಿ ಹಿಡಿದೆ. ಹಾಯಿ ಉಬ್ಬಿದ್ದಾಗ ಹೊಗೆ ಬಟ್ಟೆಗೆ ಅಂಟಿಕೊಂಡು ಒಂದು ಮೊಳ ಹೋಯಿತು, ಆಮೇಲೆ ಬಿಟ್ಟುಕೊಂಡು ಸುರುಳಿ ಸುತ್ತಿತು. ಔಟ್‌ಹಾಲ್ ಎಳೆದೆ. ಬೂಮಿನ ಮಧ್ಯದಲ್ಲಿ ಬಟ್ಟೆಗೂ ಬೂಮಿಗೂ ನಾಲ್ಕು ಬೆರಳು ಉಳಿಸಿದೆ. ಈಗ ಅದೇ ಹೊಗೆ ಹಾಯಿಯ ಮುಕ್ಕಾಲು ಭಾಗ ಅಂಟಿಕೊಂಡೇ ಹೋಯಿತು. ತೀರಾ ನಿಧಾನದ ಗಾಳಿಗೆ ಆಳವಾದ ತಿರುವು ಹಿಡಿದು ಬಾಗುವ ಶಕ್ತಿ ಇರಲ್ಲ, ಅಷ್ಟೇ. ಗಾಳಿ ನಾಲ್ಕೈದು ನಾಟ್ (ಗಂಟೆಗೆ ಸುಮಾರು ಎಂಟೊಂಬತ್ತು ಕಿಮೀ) ದಾಟಿದರೆ ಒಂದು ಗೇಣಿನವರೆಗೆ ಬಿಡುತ್ತೇನೆ, ಗಾಳಿ ಹಿಂದಿನಿಂದ ಬರುವಾಗಲೂ ಬಿಡುತ್ತೇನೆ. ಕನ್ನಿಂಗ್‌ಹ್ಯಾಮ್ (ಹಾಯಿಯ ಮುಂದಿನ ಅಂಚನ್ನು ಕೆಳಗೆ ಎಳೆಯುವ ಹಗ್ಗ) ಮುಟ್ಟೋದಿಲ್ಲ. ವ್ಯಾಂಗ್ (ಬೂಮ್ ಮೇಲೇಳದಂತೆ ಕೆಳಗೆ ಎಳೆಯುವ ಹಗ್ಗ) ಎಷ್ಟು ಅನ್ನೋದನ್ನು ಮಾತ್ರ ಸದ್ಯಕ್ಕೆ ಬರೆಯಲ್ಲ, ಇನ್ನೊಂದು ಸೀಸನ್ ಆಡಬೇಕು ನಾನು.

ದುಡ್ಡು ಜಾಸ್ತಿ ಹೋಗಿದ್ದು ದೋಣಿಯ ಒಡಲಿಗೆ. ಸೆಕೆಂಡ್ ಹ್ಯಾಂಡ್, ಟ್ರಾಲಿ ಸೇರಿ ತೊಂಬತ್ತು ಸಾವಿರದ ಹತ್ತಿರ. ಹೊಸ ಲೇಸರ್ ಒಡಲು 59 ಕೆಜಿ. ಮಾರಿದವರು ಒಂದು ಹನಿ ನೀರು ಕುಡಿದಿಲ್ಲ ಅಂದಿದ್ದರು. ಕಾಫಿ ಮೂಟೆ ತೂಗುವ ತಕ್ಕಡಿ ಮೇಲೆ ಇಟ್ಟರೆ ಅರವತ್ತೆಂಟು ಚಿಲ್ಲರೆ ತೋರಿಸಿತು. ಒಳಗಿನ ಫೋಮ್ ನೀರು ಕುಡಿದು ಕೂತಿತ್ತು. ಬಿಸಿಲಿಗೆ ಸುಮ್ನೆ ಇಟ್ಟು ನೋಡಿದೆ, ಒಂದು ಕೆಜಿಯೂ ಇಳಿಯಲಿಲ್ಲ. ಒಳಗೆ ಬಲ್ಬ್ ಹಾಕಿದೆ, ಆವಿ ಎದ್ದು ಅಲ್ಲೇ ಮತ್ತೆ ನೀರಾಯಿತು. ಕೊನೆಗೆ ಡೆಕ್‌ನಲ್ಲಿ ತೂತು ಕೊರೆದು, ಇನ್ಸ್‌ಪೆಕ್ಷನ್ ಮುಚ್ಚಳ ಕೂರಿಸಿ, ಕಣದಲ್ಲಿಟ್ಟು ಹಗಲೆಲ್ಲಾ ಟೇಬಲ್ ಫ್ಯಾನ್‌ನಿಂದ ಗಾಳಿ ಊದಿಸಿದೆ. ಸಂಜೆ ಇಬ್ಬನಿ ಬೀಳುವ ಮೊದಲು ಟಾರ್ಪಾಲ್. "ಸಾರ್, ಕಾಫಿ ಚೆರ್ರಿ ಎಲ್ಲಿ ಹರವೋದು?" ಅಂತ ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ದಿನಾ ಕೇಳುತ್ತಿದ್ದರು. ಮೂರ್ನಾಲ್ಕು ವಾರದಲ್ಲಿ ಅರವತ್ತೆರಡಕ್ಕೆ ಬಂತು. ಮುಚ್ಚಳ, ಸೀಲೆಂಟ್ ಎಲ್ಲ ಸೇರಿ ಎರಡು ಸಾವಿರದೊಳಗೆ. ಆ ಒಣ ಗಾಳಿ ಚಳಿಗಾಲದಲ್ಲಿ ಮಾತ್ರ ಸಿಗುತ್ತದೆ, ಜೂನ್‌ನಲ್ಲಿ ಕೊಡಗಿನಲ್ಲಿ ಬಟ್ಟೆಯೇ ಒಣಗಲ್ಲ ಅಲ್ವಾ.

ಅಸಲಿ ಹಾಯಿ ಐವತ್ತು ಸಾವಿರದ ಮೇಲೆ ಹೇಳಿದರು. ಹದಿನೆಂಟಕ್ಕೆ ಅಭ್ಯಾಸದ ಹಾಯಿ ತಗೊಂಡೆ. ಲೇಸರ್ ಕ್ಲಾಸಿನ ಅಧಿಕೃತ ರೇಸ್‌ಗೆ ನಡೆಯಲ್ಲ, ನಮ್ಮ ನಮ್ಮ ರೇಸ್‌ಗೆ ಯಾರ ತಕರಾರೂ ಇಲ್ಲ. ಏಳು ಸಾವಿರದ ವೆಟ್‌ಸೂಟ್ ಮಾತ್ರ ದಂಡ. ಸಣ್ಣ ಗಾಳಿಯಲ್ಲಿ ಒದ್ದೆಯಾಗೋದಕ್ಕಿಂತ ಮಂಡಿ ನೋವೇ ಜಾಸ್ತಿ. ಉಣ್ಣೆ ಸ್ವೆಟರ್, ಮೇಲೆ ತೆಳು ರೇನ್‌ಕೋಟ್, ಅದರ ಮೇಲೆ ಲೈಫ್ ಜಾಕೆಟ್, ಮಂಡಿಗೆ ಟೈಲ್ಸ್ ಹಾಕುವವರು ಕಟ್ಟುವ ಪ್ಯಾಡ್. ಮುನ್ನೂರು ರೂಪಾಯಿ.

ಕೂರೋದು ಡ್ಯಾಗರ್‌ಬೋರ್ಡ್‌ಗೆ (ದೋಣಿಯ ನಡುವೆ ನೀರಿಗಿಳಿಸುವ ಹಲಗೆ) ಒತ್ತಿಕೊಂಡು, ಆದಷ್ಟು ಮುಂದೆ. ದೋಣಿಯ ಹಿಂಭಾಗ ನೀರಿನಿಂದ ಎದ್ದಿರಬೇಕು. ಗಾಳಿಗೆ ಎದುರು ಹೋಗುವಾಗ ದೋಣಿಯನ್ನು ಗಾಳಿಮರೆ ಬದಿಗೆ ಸ್ವಲ್ಪ ವಾಲಿಸುತ್ತೇನೆ. ಹಾಯಿ ತನ್ನ ಭಾರಕ್ಕೇ ಆಕಾರ ಹಿಡಿಯುತ್ತದೆ, ನೀರಿಗೆ ತಾಗುವ ಮೈಯೂ ಕಮ್ಮಿ. ರೋಲ್ ಟ್ಯಾಕ್ (ಮೈಭಾರದಿಂದ ದೋಣಿ ಉರುಳಿಸಿ ಟ್ಯಾಕ್ ಮಾಡೋದು) ಕೆರೆಯಲ್ಲೇ ಕೈಗೆ ಹತ್ತಿತ್ತು. ಆದರೆ ಟ್ಯಾಕ್‌ಗೆ ಮುಂಚಿಗಿಂತ ದೋಣಿ ಜೋರಾಗಿ ಹೊರಬರುವಂತೆ ಉರುಳಿಸಿದರೆ ಮೈ ಕುಲುಕಿ ದೋಣಿ ಮುನ್ನೂಕಬಾರದು ಅನ್ನೋ ರೇಸಿನ 42ನೇ ನಿಯಮ ಹಿಡಿಯುತ್ತದೆ. ಗಾಳಿ ದಿಕ್ಕು ತಿಳಿಯೋಕೆ ಹಳೇ ಕ್ಯಾಸೆಟ್ ಟೇಪಿನ ಎಳೆ ಮಾಸ್ಟ್‌ಗೆ ಅಂಟಿಸಿ ನೋಡಿ, ಉಣ್ಣೆ ದಾರ ಸುಮ್ಮನಿರುವ ಗಾಳಿಗೂ ಅದು ಏಳುತ್ತದೆ. ಅಂಟುವಾಳದ ನೊರೆಯಲ್ಲಿ ಒಡಲು ತೊಳೆದೂ ನೋಡಿದೆ. ಜಿಡ್ಡು ಚೆನ್ನಾಗಿ ಹೋಯಿತು, ವೇಗ ಹೆಚ್ಚಾದಂತೆ ಕಾಣಲಿಲ್ಲ.

ಕೆಆರ್‌ಎಸ್‌ನಲ್ಲಿ ತಿರುಗಬೇಕಾದ ಮೊದಲ ತೇಲುಗುರುತಿನವರೆಗೆ (ಬಾಯ್) ಎಲ್ಲರೂ ಬಲಕ್ಕೆ ಹೋದರು, ನಾನು ಎಡಕ್ಕೆ. ಯಾಕೆ ಅನ್ನೋದು ನನ್ನ ಹತ್ತಿರವೇ ಇರಲಿ.

ಅಣ್ಣನ ಮಗನಿಗೆ ಈಗ ಒಂಬತ್ತು ವರ್ಷ. 2023ರ ಹಾಂಗ್ಝೌ ಏಷ್ಯನ್ ಗೇಮ್ಸ್‌ನಲ್ಲಿ ವಿಷ್ಣು ಸರವಣನ್ ಕಂಚು ಗೆದ್ದಿದ್ದು ಇದೇ ಜಾತಿಯ ದೋಣಿಯಲ್ಲಿ ಅಂತ ಗೊತ್ತಾದ ಮೇಲೆ ಅವನು ಕೆರೆ ಬಿಟ್ಟು ಬರ್ತಿಲ್ಲ. ಮುಂದಿನ ನವೆಂಬರ್ ಹೊತ್ತಿಗೆ ಅವನಿಗೊಂದು ಆಪ್ಟಿಮಿಸ್ಟ್ (ಮಕ್ಕಳ ಹಾಯಿದೋಣಿ) ಬೇಕು. ಬೆಂಗಳೂರು, ಮೈಸೂರು ಕಡೆ ಹಳೇದು ಕೊಡುವವರಿದ್ದರೆ ತಿಳಿಸಿ. ಹೊಸತರ ಒಡಲು 35 ಕೆಜಿ. ತೂಕ ನಲವತ್ತು ದಾಟಿದ್ದರೆ ಬೆಲೆ ಇಳಿಸಿ ಕೇಳುತ್ತೇನೆ.