ಗಾಳಿಯಂತ್ರಕ್ಕೆ ಗುಡ್ಡ ಬೇಕಿಲ್ಲ, ಬಯಲು ಸಾಕು

ಗದಗ, ಕೊಪ್ಪಳ ಸೀಮೆಯಲ್ಲಿ ಗಾಳಿಯಂತ್ರಗಳಿಗೆ ಜಾಗ ಗುರುತಿಸುವುದು ನನ್ನ ಕೆಲಸ. ಈ ವೃತ್ತಿಗೆ ಬಂದ ಹೊಸತರಲ್ಲಿ ಎಲ್ಲರ ಕಣ್ಣೂ ಗುಡ್ಡದ ನೆತ್ತಿಯ ಮೇಲೆಯೇ ಇತ್ತು. ಮುಂಗಾರಿನ ಪಡುವಣ ಗಾಳಿ ಗುಡ್ಡದ ಸಾಲನ್ನು ಏರಿ ನೆತ್ತಿಯಲ್ಲಿ ವೇಗ ಪಡೆಯುತ್ತದೆ. ಗೋಪುರಗಳು ಗಿಡ್ಡವಾಗಿದ್ದ ಕಾಲದಲ್ಲಿ ಎತ್ತರವನ್ನು ಗುಡ್ಡವೇ ಕೊಡಬೇಕಿತ್ತು. ಈಗ 120, 140 ಮೀಟರ್ ಗೋಪುರಗಳು ಬಂದಿವೆ. ಮರ, ಮನೆ, ಬದುಗಳಿಗೆ ತಾಗಿ ನೆಲದ ಹತ್ತಿರ ಮಂದವಾಗುವ ಗಾಳಿ ಅಷ್ಟು ಮೇಲೆ ತಡೆಯಿಲ್ಲದೆ ಬೀಸುತ್ತದೆ. ಹಾಗಾಗಿ ಬಯಲೇ ಸಾಕು ಎಂಬುದು ನನ್ನ ಗಟ್ಟಿ ನಿಲುವು. ಗದಗ ಜಿಲ್ಲೆಯ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ, ಔಷಧಿ ಸಸ್ಯಗಳಿರುವ ಅಂಥ ಗುಡ್ಡದಲ್ಲಿ ಯಂತ್ರಕ್ಕಿಂತ ಹೆಚ್ಚಿನ ಹಾನಿ ಮಾಡುವುದು ಅದನ್ನು ಸಾಗಿಸಲು ಕಡಿಯುವ ರಸ್ತೆ.

ಕೆಲಸ ಶುರುವಾಗುವುದು ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ನಕ್ಷೆಯಿಂದ. ಯಾವ ಸೀಮೆ ನೋಡಬೇಕೆಂದು ನಕ್ಷೆ ಹೇಳುತ್ತದೆ, ಯಾವ ಹೊಲ ಎಂದು ಹೇಳುವುದಿಲ್ಲ. ಅದಕ್ಕೆ ಮಾಪನ ಕಂಬ ನಿಲ್ಲಿಸಿ, ಬೇರೆ ಬೇರೆ ಎತ್ತರದಲ್ಲಿ ವೇಗ, ದಿಕ್ಕು ಅಳೆಯುತ್ತೇವೆ. ಉಪಕರಣ ಹಿಡಿಯುವ ತೋಳು ಕಂಬದ ಮರೆಗೆ ಬಾರದಂತೆ ಚಾಚಿರಬೇಕು, ಇಲ್ಲದಿದ್ದರೆ ಕಂಬವೇ ಗಾಳಿಯನ್ನು ತಡೆದು ಅಳತೆ ಕೆಡುತ್ತದೆ. ಕನಿಷ್ಠ ಒಂದು ಪೂರ್ಣ ವರ್ಷದ ಲೆಕ್ಕವಿಲ್ಲದೆ ನಾನು ಯಾವ ಜಾಗಕ್ಕೂ ಸಹಿ ಹಾಕುವುದಿಲ್ಲ. ನಮ್ಮಲ್ಲಿ ವರ್ಷದ ವಿದ್ಯುತ್ತಿನ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುತ್ತದೆ. ಆಷಾಢದ ಗಾಳಿ ನೋಡಿ ಮರುಳಾದವರಿಗೆ ಮಾರ್ಚ್ ತಿಂಗಳ ಸಪ್ಪೆ ದಿನಗಳು ಕಾಣುವುದಿಲ್ಲ. ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ: ಸೆಕೆಂಡಿಗೆ 6 ಮೀಟರ್ ಇದ್ದದ್ದು 7 ಆದರೆ ಶಕ್ತಿ ಒಂದೂವರೆ ಪಟ್ಟಿಗೂ ಮಿಗಿಲು. ಅಳತೆಯಲ್ಲಿ ಅರ್ಧ ಮೀಟರ್ ತಪ್ಪಿದರೂ ಯೋಜನೆಯೇ ತಲೆಕೆಳಗಾಗುತ್ತದೆ.

ಕಂಬದ ಜೊತೆಗೆ ಊರಿನ ಹಿರಿಯರನ್ನೂ ಕೇಳುತ್ತೇನೆ. ಜೋಳದ ರಾಶಿ ತೂರಿದವರಿಗೆ ಮೂಡಣ ಗಾಳಿ ಯಾವ ಹೊತ್ತಿಗೆ ಏಳುತ್ತದೆ, ಯಾವ ಕಣದಲ್ಲಿ ಸುಳಿ ತಿರುಗುತ್ತದೆ ಎಂಬುದು ಗೊತ್ತು. ಆ ಸುಳಿಯ ಜಾಗದಲ್ಲಿ ನಿಂತು ನೋಡಿದರೆ ಹತ್ತಿರದಲ್ಲೇ ಏನೋ ಮರೆ ಇರುತ್ತದೆ.

ಆಮೇಲೆ ದೂರದ ಲೆಕ್ಕ. ರೆಕ್ಕೆಗಳು ತಿರುಗುವ ವೃತ್ತದ ವ್ಯಾಸ 150 ಮೀಟರ್ ಎನ್ನಿ. ಗಾಳಿ ಸಾಗುವ ದಿಕ್ಕಿನಲ್ಲಿ ಏಳು ವ್ಯಾಸ, ಅಡ್ಡಲಾಗಿ ಐದು ವ್ಯಾಸ ಬಿಡುವುದು ನಮ್ಮ ರೂಢಿ. ಮುಂದಿನ ಯಂತ್ರ ಕಲಕಿದ ಗಾಳಿ ಹಿಂದಿನದಕ್ಕೆ ತಗುಲಬಾರದು. ವಾಸದ ಮನೆಯಿಂದ 500 ಮೀಟರ್ ದೂರವಿರಬೇಕೆಂದು ಕೇಂದ್ರದ 2016ರ ಮಾರ್ಗಸೂಚಿ ಹೇಳಿತ್ತು. ತೋಟದ ಮನೆಯನ್ನೂ ನಾನು ಮನೆಯೆಂದೇ ಎಣಿಸುತ್ತೇನೆ. ಬೆಳಗ್ಗೆ, ಸಂಜೆ ಉದ್ದವಾಗುವ ರೆಕ್ಕೆಯ ನೆರಳು ಅಂಗಳದಲ್ಲಿ ಮಿಣುಕುವುದನ್ನು ಅಲ್ಲಿ ಬದುಕುವವರೇ ಸಹಿಸಬೇಕಲ್ಲ.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಸುತ್ತಮುತ್ತ ಗಾಳಿ ಎಷ್ಟೇ ಚೆನ್ನಾಗಿರಲಿ, ನಾನು ಜಾಗ ಸೂಚಿಸುವುದಿಲ್ಲ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ತಂಗಿ, ಸುತ್ತಲಿನ ಹೊಲಗಳಿಗೆ ಮೇಯಲು ಹಾರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಕ್ಕಿಗಳು ಹೋಗಿಬರುವ ದಾರಿಯಲ್ಲಿ ರೆಕ್ಕೆಗಳಷ್ಟೇ ಅಪಾಯ ವಿದ್ಯುತ್ ತಂತಿಗಳದ್ದು ಎಂಬುದನ್ನು ಹಲವರು ಮರೆಯುತ್ತಾರೆ.

ಬಯಲಿಗೂ ಅದರದೇ ತೊಡಕುಗಳಿವೆ. ಎರೆಭೂಮಿ ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವುದರಿಂದ ಬುನಾದಿಯ ಖರ್ಚು ಏರುತ್ತದೆ. ರಸ್ತೆಯನ್ನು ಎತ್ತರಿಸಿ ಮೋರಿ ಇಡದಿದ್ದರೆ ಪಕ್ಕದ ಹೊಲದಲ್ಲಿ ನೀರು ನಿಂತು ಬೆಳೆ ಕೊಳೆಯುತ್ತದೆ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರಿದ್ದರೆ, ಮೊಮ್ಮಕ್ಕಳೆಲ್ಲರೂ ಕೂತು ಒಪ್ಪುವವರೆಗೆ ಕಾಯುತ್ತೇನೆ. ಎಪ್ಪತ್ತು ಮೀಟರಿಗೂ ಉದ್ದದ ರೆಕ್ಕೆ ಊರೊಳಗಿನ ತಿರುವಿನಲ್ಲಿ ಹೊರಳುವುದಿಲ್ಲ. ದಾರಿ ಸುತ್ತುಬಳಸಾದರೂ ಊರಾಚೆಯಿಂದಲೇ ಹುಡುಕಬೇಕು. ಇಷ್ಟೆಲ್ಲ ಹೊಂದಿದರೂ ಹತ್ತಿರದ ಸಬ್‌ಸ್ಟೇಷನ್ನಿಗೆ ಆ ವಿದ್ಯುತ್ತನ್ನು ಹೊರುವ ಶಕ್ತಿ ಇಲ್ಲದಿದ್ದರೆ ಜಾಗ ಕೈಬಿಟ್ಟಂತೆಯೇ. ಆದ್ದರಿಂದ ಮಾಪನ ಕಂಬಕ್ಕೆ ಗುಂಡಿ ತೋಡಿಸುವ ಮೊದಲೇ ರಾಜ್ಯದ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್ ಕಚೇರಿಗೆ ಹೋಗಿ ಅದೊಂದನ್ನು ವಿಚಾರಿಸಿಕೊಂಡು ಬರುತ್ತೇನೆ.